ಏರಿ, ತೂಬು, ಕೋಡಿ

ಮೈಸೂರು, ಜನವರಿ 21

ಕೊಳಕ್ಕೆ ಜಾಗ ಗೊತ್ತುಮಾಡಿದೆ. ಹಿತ್ತಲಿನ ಮೂಡಣ ಮೂಲೆ. ಬೆಳಗಿನ ಬಿಸಿಲು ನಡುಮಧ್ಯಾಹ್ನದವರೆಗೆ ನೇರ ಬೀಳುತ್ತದೆ, ಆಮೇಲೆ ಮನೆಯ ನೆರಳು ಆವರಿಸುತ್ತದೆ. ಸಂಪಿಗೆ ಮರದ ಬುಡ ತಂಪಲ್ಲವೇ ಎಂದಳು ಹೆಂಡತಿ. ಅಲ್ಲಿ ಎಲೆ ಉದುರುವುದು ನಿಲ್ಲುವುದೇ ಇಲ್ಲ. ಉದುರಿದ್ದು ಕೊಳೆತು ನೀರು ಕೆಡುತ್ತದೆ, ಅದಕ್ಕಿಂತ ಹೆಚ್ಚಾಗಿ ಕೋಡಿ ಕಟ್ಟಿಕೊಳ್ಳುತ್ತದೆ. ಸಣ್ಣ ನೀರಾವರಿ ಇಲಾಖೆಯಲ್ಲಿ ಕೆರೆಗಳ ಕೆಲಸ ಮಾಡಿ ನಿವೃತ್ತನಾದವನಿಗೆ ಹಿತ್ತಲ ಕೊಳವೆಂದರೂ ಮೊದಲು ಕಣ್ಣಿಗೆ ಕಟ್ಟುವುದು ಏರಿ, ತೂಬು, ಕೋಡಿ. ನೀರು ಎಲ್ಲಿ ನಿಲ್ಲಬೇಕು, ಎಲ್ಲಿಂದ ಬಿಡಬೇಕು, ಹೆಚ್ಚಾದದ್ದು ಎಲ್ಲಿ ಹರಿದುಹೋಗಬೇಕು. ಇಲ್ಲಿ ಅದರ ಮೇಲೆ ಇನ್ನೊಂದು ಲೆಕ್ಕ: ನೀರು ಹೋಗುವ ಯಾವ ದಾರಿಯಲ್ಲೂ ಆಮೆ ಹೋಗಬಾರದು.

ಮೂರು ಆಮೆಗಳೂ ಈಗ ವರಾಂಡದ ಗಾಜಿನ ತೊಟ್ಟಿಯಲ್ಲಿವೆ. ತಂಗಿಯ ಮಗಳು ಓದಲು ಜರ್ಮನಿಗೆ ಹೊರಟಾಗ ತಂದಿಟ್ಟಳು. ಬೆಂಗಳೂರಿನ ಅಂಗಡಿಯಲ್ಲಿ ಕೊಂಡಾಗ ಅಂಗೈಯಲ್ಲಿ ಮೂರೂ ಒಟ್ಟಿಗೆ ಹಿಡಿಸುತ್ತಿದ್ದವಂತೆ. ಈಗ ರಾಣಿಯ ಚಿಪ್ಪು 9 ಇಂಚು, ಚಿನ್ನಿಯದು 8, ಗುಂಡನದು 6. ಕಣ್ಣಿನ ಹಿಂದೆ ಕೆಂಪು ಪಟ್ಟೆ. ಅಂಗಡಿಯವರ ಬಾಯಲ್ಲಿ ರೆಡ್ ಇಯರ್ಡ್ ಸ್ಲೈಡರ್. ಅಮೆರಿಕದ ಮಿಸಿಸಿಪಿ ನದಿಯ ಬಯಲಿನ ಪ್ರಾಣಿ.

ಮೊನ್ನೆ ಬಂದಿದ್ದ ನೆಂಟರೊಬ್ಬರು, “ಇಷ್ಟೆಲ್ಲ ಖರ್ಚು ಯಾಕೆ? ಕುಕ್ಕರಹಳ್ಳಿ ಕೆರೆ ಇಲ್ಲೇ ಇದೆ, ಬಿಟ್ಟುಬಿಡಿ. ಪುಣ್ಯ ಬರುತ್ತೆ” ಅಂದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಕೆರೆಯಲ್ಲಿ ನಮ್ಮ ನಾಡಿನದೇ ಆಮೆಗಳಿಗೆ ಬಿಸಿಲು ಕಾಯಲು ಇರುವುದೇ ನಾಲ್ಕಾರು ಬಂಡೆ, ಬಿದ್ದ ಕೊಂಬೆ. ಇವು ದೊಡ್ಡವು, ಮುನ್ನುಗ್ಗುವಂಥವು, ಸಿಕ್ಕಿದ್ದೆಲ್ಲ ತಿನ್ನುವಂಥವು. ಒಮ್ಮೆ ನೆಲೆಯೂರಿದರೆ ಕಿತ್ತುಹಾಕಲು ಬರುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಹಾವಳಿ ಮಾಡಿದ 100 ಪರಕೀಯ ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಆಮೆಯದು ತಪ್ಪೇನಿಲ್ಲ, ಅದು ಸಮುದ್ರ ದಾಟಿ ತಾನಾಗಿ ಬಂದಿಲ್ಲ. ತಂದವರು ನಾವು, ಆದ್ದರಿಂದ ಇಟ್ಟುಕೊಳ್ಳಬೇಕಾದವರೂ ನಾವೇ.

ಜನವರಿ 29

ಮೇಸ್ತ್ರಿ ಬಂದು ಗುರುತು ಹಾಕಿದ. 12 ಅಡಿ ಉದ್ದ, 8 ಅಡಿ ಅಗಲ. ಒಂದು ತುದಿ 3 ಅಡಿ ಆಳ, ಅಲ್ಲಿಂದ ಇಳಿಜಾರಾಗಿ ಏರುತ್ತ ಇನ್ನೊಂದು ತುದಿಯಲ್ಲಿ ನೆಲಕ್ಕೆ ಸೇರಬೇಕು. ಸರಾಸರಿ ಒಂದೂವರೆ ಅಡಿ ಹಿಡಿದರೆ ಸುಮಾರು 4,100 ಲೀಟರ್ ನೀರು. ಚಿಪ್ಪಿನ ಒಂದೊಂದು ಇಂಚಿಗೆ ಕಡಿಮೆಯೆಂದರೆ 40 ಲೀಟರ್ ಬೇಕೆಂದು ಆಮೆ ಸಾಕುವವರ ಲೆಕ್ಕ. ಆ ಲೆಕ್ಕದಲ್ಲಿ ಮೂರಕ್ಕೂ ಸೇರಿ 1,000 ಲೀಟರ್ ಸಾಕು. ಆದರೆ ನೀರು ಹೆಚ್ಚಿದ್ದಷ್ಟೂ ಅದು ಬೇಗ ಕಾಯುವುದಿಲ್ಲ, ಬೇಗ ಕೆಡುವುದೂ ಇಲ್ಲ.

“ಸಾರ್, ಕೊಳ ಸರಿ. ಸುತ್ತ ಇಷ್ಟು ಗೋಡೆ ಯಾಕೆ? ಆಮೆ ತಾನೆ, ಒಂದು ಸಾಲು ಇಟ್ಟಿಗೆ ಇಟ್ಟರೆ ಸಾಕು” ಅಂದ ಮೇಸ್ತ್ರಿ. ಅವನನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. ಗುಂಡ ಅದೇ ಹೊತ್ತಿಗೆ ಚಿನ್ನಿಯ ಬೆನ್ನೇರಿ, ಗಾಜಿನ ಮೂಲೆಗೆ ಎರಡೂ ಮುಂಗಾಲು ಕೊಟ್ಟು, ತೊಟ್ಟಿಯ ಅಂಚಿಗೆ ಕತ್ತು ಚಾಚಿದ್ದ. ಮೇಸ್ತ್ರಿ ಅರೆಗಳಿಗೆ ನೋಡಿ, “ಅಬ್ಬಬ್ಬಾ, ಇದು ಕಳ್ಳ ಸಾರ್” ಎಂದು ಟೇಪು ಕೈಗೆ ತೆಗೆದುಕೊಂಡ. ಆಮೇಲೆ ಅವನಿಗೆ ಹೇಳುವುದೇ ಬೇಕಾಗಲಿಲ್ಲ.

ತೀರ್ಮಾನವಾದದ್ದು ಹೀಗೆ. ನೀರಿನ ಅಂಚಿನಿಂದ ಎಲ್ಲ ಕಡೆಯೂ 3 ಅಡಿ ನೆಲ ಬಿಟ್ಟು ಗೋಡೆ. ಮಣ್ಣಿನ ಮೇಲೆ 20 ಇಂಚು, ಮಣ್ಣಿನೊಳಗೆ ಒಂದೂಕಾಲು ಅಡಿ. ಒಳಮೈಗೆ ಸಿಮೆಂಟ್ ಹಾಲು ಬಳಿದು ಕರಣೆಯಲ್ಲಿ ನುಣ್ಣಗೆ ತೀಡಬೇಕು, ಉಗುರಿಗೆ ಹಿಡಿತ ಸಿಗಬಾರದು. ಮೇಲೆ ಕಡಪ ಕಲ್ಲಿನ ಹಾಸು, ಒಳಕ್ಕೆ 5 ಇಂಚು ಚಾಚಿಕೊಂಡಿರಬೇಕು. ಎಷ್ಟೇ ಎದ್ದು ನಿಂತರೂ ತಲೆ ಕಲ್ಲಿನ ಅಡಿಗೆ ತಾಗಿ ಹಿಂದಕ್ಕೆ ಬೀಳಬೇಕು. ನಾಲ್ಕು ಮೂಲೆಗಳನ್ನೂ ದುಂಡಗೆ ಬಾಗಿಸಬೇಕು. ಲಂಬ ಮೂಲೆಯಲ್ಲಿ ಎರಡು ಗೋಡೆಗೆ ಎರಡು ಕಾಲು ಕೊಟ್ಟು ಹತ್ತುವುದು ಆಮೆಗೆ ಸಲೀಸು.

ತಂತಿ ಬಲೆಯ ಬೇಲಿ ಹಾಕಿದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತಿತ್ತು. ಆದರೆ ಬಲೆಯ ಕಣ್ಣುಗಳು ಆಮೆಗೆ ಮೆಟ್ಟಿಲು. ಅದೂ ಅಲ್ಲದೆ, ಆಚೆ ಕಾಣುವ ಬೇಲಿಯನ್ನು ಆಮೆ ಬೇಲಿಯೆಂದು ಒಪ್ಪುವುದಿಲ್ಲ. ಆಚೆಯ ಹಸಿರು ಕಂಡರೆ ದಿನವಿಡೀ ಅದಕ್ಕೇ ಮೂತಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಕಾಣದ ಕಡೆಗೆ ಅಷ್ಟು ಹಟ ಮಾಡುವುದಿಲ್ಲ.

ಫೆಬ್ರವರಿ 12

ಕ್ಯೂರಿಂಗ್ ನಡೆಯುತ್ತಿದೆ. ಹೊಸ ಸಿಮೆಂಟಿನ ಸುಣ್ಣ ನೀರಿಗೆ ಬಿಟ್ಟುಕೊಳ್ಳುತ್ತದೆ, ನೀರು ಕ್ಷಾರವಾಗುತ್ತದೆ. ಕಣ್ಣು, ಚರ್ಮ ಉರಿಯುತ್ತವೆ. ತುಂಬಿಸುವುದು, ಕೆಲವು ದಿನ ನಿಲ್ಲಿಸುವುದು, ಪೂರ್ತಿ ಖಾಲಿ ಮಾಡುವುದು. ಆ ನೀರೆಲ್ಲ ತೆಂಗಿನ ಬುಡಕ್ಕೆ. ಪಿಎಚ್ ಕಾಗದದ ಬಣ್ಣ ಇಳಿಯುವವರೆಗೆ ಆಮೆಗಳು ವರಾಂಡದಲ್ಲೇ ಇರಲಿ.

ಈ ಬಿಡುವಿನಲ್ಲಿ ತೂಬು, ಕೋಡಿ ಎರಡನ್ನೂ ನಾನೇ ನಿಂತು ಮಾಡಿಸಿದೆ. ಊರಿನ ಕೆರೆ ಕೋಡಿ ಬಿದ್ದ ದಿನ ಹುಡುಗರು ಕೋಡಿಯ ಕೆಳಗೆ ಕೂಳಿ ಹಿಡಿದು ನಿಲ್ಲುತ್ತಿದ್ದದ್ದು ನೆನಪಾಗುತ್ತದೆ. ತುಂಬಿ ಹರಿಯುವ ನೀರಿನ ಜೊತೆ ಮೀನು ಬಂದೇ ಬರುತ್ತದೆ. ಆಮೆಯೂ ಹಾಗೆಯೇ, ಹರಿವು ಇರುವ ಕಡೆಗೆ ಹೋಗುತ್ತದೆ.

ಕೋಡಿಗೆ ಜಾಲರಿ ಬಡಿದರೆ ಆಯಿತೆಂದು ಎಲ್ಲರೂ ತಿಳಿಯುತ್ತಾರೆ. ಪೈಪಿನ ಬಾಯಿಗೆ ಬಡಿದ ಜಾಲರಿಗೆ ಎರಡು ಎಲೆ ಅಂಟಿಕೊಂಡರೆ ಕೋಡಿ ಮುಚ್ಚಿಹೋಯಿತು. ನೀರು ಏರುತ್ತದೆ, ಅದರೊಂದಿಗೆ ಆಮೆಯೂ ಏರುತ್ತದೆ. ಕೆರೆ ಒಡೆಯುವುದೂ ಹೀಗೆ. ಕೋಡಿ ಕೆಲಸ ಮಾಡದೆ ಏರಿಯ ಮೇಲೆ ನೀರು ಹರಿದಾಗ. ಆದ್ದರಿಂದ 4 ಇಂಚಿನ ಪೈಪಿನ ಮುಂದೆ ಒಂದೂವರೆ ಅಡಿ ಉದ್ದಗಲದ ಜಾಲರಿ ಪೆಟ್ಟಿಗೆ ಕೂರಿಸಿದೆ. ಮೂರು ಮೈ ಕಟ್ಟಿಕೊಂಡರೂ ನಾಲ್ಕನೆಯದರಿಂದ ನೀರು ಹೋಗಬೇಕು. ಕಣ್ಣು ಅರ್ಧ ಇಂಚು. ಅದಕ್ಕಿಂತ ದೊಡ್ಡದಿದ್ದರೆ, ಎಂದಾದರೂ ಮರಿ ಹುಟ್ಟಿದರೆ ಅದು ನುಸುಳಿಬಿಡುತ್ತದೆ. ಮೊದಲ ಕೋಡಿ ಸೋತರೆ ಇರಲೆಂದು 4 ಇಂಚು ಮೇಲೆ ಇನ್ನೊಂದು ಪೈಪು, ಅದಕ್ಕೂ ಪೆಟ್ಟಿಗೆ.

ಕೋಡಿಯ ನೀರು ರಸ್ತೆಯ ಚರಂಡಿಗೆ ಹೋಗಬಾರದು. ಚರಂಡಿ ಕೊನೆಗೆ ಯಾವುದೋ ಕೆರೆಗೆ ಸೇರುತ್ತದೆ. ನಮ್ಮ ಕೊಳದ ಕೊಳೆ, ರೋಗ, ಮೀನುಮರಿ ಯಾವುದೂ ಅಲ್ಲಿಗೆ ತಲುಪಕೂಡದು. ಪೇರಲೆ ಗಿಡದ ಪಕ್ಕ ಇಂಗುಗುಂಡಿ ತೋಡಿಸಿ ಜಲ್ಲಿ ತುಂಬಿಸಿದೆ.

ತಾರಸಿಯ ನೀರನ್ನೂ ತಿರುಗಿಸಿದೆ. ಕೊಳದ ಮೇಲೆ ನೇರ ಬೀಳುವ ಮಳೆಗೆ ನಾನು ಹೆದರುವುದಿಲ್ಲ. 100 ಮಿಲಿಮೀಟರ್ ಬಿದ್ದರೆ ನೀರು 10 ಸೆಂಟಿಮೀಟರ್ ಏರುತ್ತದೆ ಅಷ್ಟೇ. ಆದರೆ ಅದೇ ಮಳೆ 1,200 ಚದರಡಿ ತಾರಸಿಯ ಮೇಲೆ ಬಿದ್ದರೆ 11,000 ಲೀಟರ್. ಕೊಳ ಹಿಡಿಯುವುದರ ಎರಡೂವರೆ ಪಟ್ಟಿಗೂ ಹೆಚ್ಚು. ಅದು ಹಿತ್ತಲಿಗೆ ಹರಿದುಬಂದರೆ ಯಾವ ಕೋಡಿಯೂ ತಾಳದು. ಕೆರೆಯ ಗಾತ್ರ ನೋಡುವ ಮೊದಲು ಅದರ ಜಲಾನಯನ ನೋಡು ಎಂದು ಹಿರಿಯ ಇಂಜಿನಿಯರುಗಳು ಕಲಿಸಿದ್ದು ಇಲ್ಲಿಗೂ ಸಲ್ಲುತ್ತದೆ.

ಫೆಬ್ರವರಿ 27

ಇಂದು ಬಿಟ್ಟೆ.

ರಾಣಿ ನೀರಿಗಿಳಿದವಳೇ ಆಳಕ್ಕೆ ಹೋಗಿ ಬಹಳ ಹೊತ್ತು ಮೇಲೆ ಬರಲಿಲ್ಲ. ಹೆಂಡತಿ, “ರೀ, ಮುಳುಗಿಹೋಯ್ತೇನೋ ನೋಡ್ರಿ” ಎಂದು ಗಾಬರಿಯಾದಳು. ಸ್ಲೈಡರ್ ಈಜುಗಾರ ಆಮೆ, ಆಳದಿಂದ ಅದಕ್ಕೆ ಅಪಾಯವಿಲ್ಲ. ಹತ್ತಲು ದಾರಿ ಇಲ್ಲದ ಕಡಿದಾದ ಅಂಚಿನಿಂದ ಅಪಾಯ. ಅದಕ್ಕೇ ಇಳಿಜಾರನ್ನು ಮಾತ್ರ ಒರಟಾಗಿ ಬಿಡಿಸಿದ್ದು. ಮಧ್ಯಾಹ್ನದ ಹೊತ್ತಿಗೆ ಮೂರೂ ಹಲಸಿನ ದಿಮ್ಮಿಯ ಮೇಲೆ ಕಾಲು ನೀಡಿ, ಬೆರಳುಗಳ ನಡುವಿನ ಜಾಲಪೊರೆಯನ್ನೂ ಬಿಡಿಸಿ, ಬಿಸಿಲು ಕಾಯುತ್ತಿದ್ದವು. ಇಷ್ಟು ವರ್ಷ ಗಾಜಿನ ಹಿಂದಿನ ಬಿಸಿಲು ಇವಕ್ಕೆ ಬೆಳಕು ಕೊಟ್ಟಿತ್ತು, ಹುರುಪು ಕೊಟ್ಟಿರಲಿಲ್ಲ. ಚಿಪ್ಪು ಗಟ್ಟಿಯಾಗಲು ಬೇಕಾದ ನೇರಳಾತೀತ ಕಿರಣವನ್ನು ಗಾಜು ತಡೆದುಬಿಡುತ್ತದೆ. ಚಿನ್ನಿಯ ಚಿಪ್ಪಿನ ಅಂಚು ಮೆತ್ತಗಿರುವುದು ಅದರಿಂದಲೇ ಎಂದು ಪಶುವೈದ್ಯರು ಹೇಳಿದ್ದರು. ಇವತ್ತು ಅವಳ ಬೆನ್ನ ಮೇಲೆ ಬಿಸಿಲು ಬಿದ್ದದ್ದು ನೋಡಿ ಮನಸ್ಸು ತುಂಬಿತು.

ಸಂಜೆ ನಾಲ್ಕರಿಂದ ಸುತ್ತು ಶುರು. ಮೂವರೂ ಗೋಡೆಯ ಬುಡ ಹಿಡಿದು ಒಂದು ಬಳಸು ಬಂದರು. ಬಾಗಿದ ಮೂಲೆಗಳಲ್ಲಿ ಗುಂಡ ಒಂದೊಂದು ಸಲ ಎದ್ದು ನಿಂತು ಜಾರಿದ. ಹೊಸ ಜಾಗಕ್ಕೆ ಬಂದ ಮೊದಲ ವಾರಗಳೇ ತಪ್ಪಿಸಿಕೊಳ್ಳುವ ಕಾಲ. ಬೆಳಿಗ್ಗೆ ದಿಮ್ಮಿಯ ಮೇಲೆ ಒಮ್ಮೆ, ಸಂಜೆ ಮೇವು ಹಾಕುವಾಗ ಒಮ್ಮೆ, ಮೂರು ತಲೆ ಎಣಿಸಿಯೇ ಬೇರೆ ಕೆಲಸ ಎಂದು ಮನೆಯಲ್ಲಿ ನೇಮ ಮಾಡಿದ್ದೇವೆ.

ಮಾರ್ಚ್ 16

ಗೋಡೆ ಒಳಗಿನವರನ್ನು ತಡೆಯಿತು. ಹೊರಗಿನವರ ಮಾತು ಬೇರೆ.

ಬೀದಿನಾಯಿ ಒಂದೇ ನೆಗೆತಕ್ಕೆ 20 ಇಂಚು ದಾಟುತ್ತದೆ, ಆಮೆಯನ್ನು ಮೂಳೆಯಂತೆ ಕಡಿಯುತ್ತದೆ. ಮುಂಗುಸಿ ಹಿತ್ತಲಲ್ಲೇ ಓಡಾಡಿಕೊಂಡಿದೆ. ಹದ್ದಿಗೆ 9 ಇಂಚಿನ ರಾಣಿ ಭಾರ. ಮರಿಗಳಾಗಿದ್ದರೆ ಕಾಗೆಯೇ ಸಾಕಿತ್ತು. ಆದರೆ ನನ್ನ ನಿದ್ದೆಗೆಡಿಸಿದ್ದು ಹೆಗ್ಗಣ. ಅದು ಗೋಡೆಯ ಬುಡಕ್ಕೆ ಬಿಲ ತೋಡಿದರೆ ಗೋಡೆಗೂ ಕೇಡು, ಆ ಬಿಲವೇ ಆಮೆಗೆ ಸುರಂಗ. ಕೆರೆ ಏರಿಯಲ್ಲಿ ಇಲಿ, ಏಡಿಗಳ ಬಿಲದಿಂದ ನೀರು ಜಿನುಗಿ ಕೊನೆಗೆ ಏರಿಯೇ ಕುಸಿದದ್ದನ್ನು ಕಂಡವನು ನಾನು. ಅಡಿಪಾಯದ ಹೊರಗೆ ದಪ್ಪ ಜಲ್ಲಿ ತುಂಬಿಸಿ ಮೇಲೆ ಬಲೆ ಹಾಸಿ ಮಣ್ಣು ಮುಚ್ಚಿಸಿದೆ. ಬೆಳಗಿನ ಕಾಫಿಗೆ ಮೊದಲು ಗೋಡೆಯ ಹೊರಸುತ್ತು ಒಂದು ನಡಿಗೆ.

ಮೇಲಕ್ಕೆ ಕಬ್ಬಿಣದ ಚೌಕಟ್ಟಿಗೆ ವೆಲ್ಡ್ ಮೆಶ್ ಹೊದಿಸಿದ ಎರಡು ಬಾಗಿಲು ಮಾಡಿಸಿದ್ದೇನೆ. ಹಗಲು ತೆರೆದಿರುತ್ತವೆ, ಸಂಜೆ ಮುಚ್ಚಿ ಬೀಗ. ಬೀಗ ಮನುಷ್ಯರಿಗೂ ಸೇರಿ. ನಾಯಿಗಾಗಿ ಹಿತ್ತಲ ಕಾಂಪೌಂಡಿನ ಗೇಟಿನ ಕೆಳಸಂದಿಗೆ ತಗಡು ಬಡಿಸಿದೆ.

ಪಂಪಿನ ವಿಷಯ ಬರೆಯಲು ಮರೆಯಬಾರದು. ಫಿಲ್ಟರಿಗೆ ನೀರೆಳೆಯುವ ಪಂಪಿನ ಬಾಯಿಗೆ ಆಮೆಯ ಕಾಲೋ ಬಾಲವೋ ಸಿಕ್ಕರೆ ಅದು ನೀರೊಳಗೇ ಉಸಿರುಕಟ್ಟಿ ಸಾಯುತ್ತದೆ. ಶ್ವಾಸಕೋಶವಿರುವ ಪ್ರಾಣಿ, ಮೇಲೆ ಬರಲೇಬೇಕು. ಪಂಪನ್ನು ತೂತು ಕೊರೆದ ಬಕೆಟಿನೊಳಗಿಟ್ಟು, ಬಕೆಟಿನ ಸುತ್ತ ದುಂಡು ಕಲ್ಲು ಪೇರಿಸಿದೆ. ಎಳೆತ ಒಂದೇ ಕಡೆ ಬೀಳುವುದಿಲ್ಲ.

ಏಪ್ರಿಲ್ 8

ಬಿಸಿಲು ಸುಡುತ್ತಿದೆ. ನೀರು ದಿನದಿನಕ್ಕೂ ಇಳಿಯುತ್ತದೆ. ನಲ್ಲಿಯ ಕಾವೇರಿ ನೀರನ್ನು ತೊಟ್ಟಿಯಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹಾರಿದ ಮೇಲೆ ಸೇರಿಸುತ್ತೇನೆ. ಆಮೆಗಿಂತ ಹೆಚ್ಚಾಗಿ ಫಿಲ್ಟರಿನಲ್ಲಿ ಕೊಳೆ ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಕ್ಲೋರಿನ್ ವಿಷ. ನೈದಿಲೆ ಹಾಕಿದ್ದೆ, ಎಲೆಗಳನ್ನು ಒಂದೂ ಬಿಡದೆ ತಿಂದುಹಾಕಿವೆ. ತಿನ್ನಲಿ. ಎಳವೆಯಲ್ಲಿ ಹುಳುಹುಪ್ಪಟೆ, ಮೀನು ಬಯಸುವ ಇವು ಬೆಳೆದ ಮೇಲೆ ಹೆಚ್ಚಾಗಿ ಸೊಪ್ಪಿಗೆ ತಿರುಗುತ್ತವೆ. ಅನ್ನ, ಬ್ರೆಡ್ಡು ಯಾರೂ ಹಾಕಕೂಡದೆಂದು ಎದುರುಮನೆ ಮಕ್ಕಳಿಗೂ ಹೇಳಿದ್ದೇನೆ. ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯಬೇಕು, ಅಡುಗೆಮನೆಯ ಸಿಂಕಿನಲ್ಲಿ ಅಲ್ಲ. ಆರೋಗ್ಯವಾಗಿರುವ ಆಮೆಯ ಮೈಮೇಲೂ ಸಾಲ್ಮೊನೆಲ್ಲಾ ಇರಬಹುದು. ಅಮೆರಿಕದಲ್ಲಿ ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬಿದ್ದದ್ದರಿಂದಲೇ 1975ರಲ್ಲಿ 4 ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆ ಮಾರುವುದನ್ನು ಅಲ್ಲಿ ನಿಷೇಧಿಸಿದರು.

ಆದರೆ ಹೊರದೇಶಕ್ಕೆ ಕಳಿಸುವುದು ನಿಲ್ಲಲಿಲ್ಲ. 1989ರಿಂದ 1997ರ ನಡುವೆ ಆ ದೇಶದಿಂದ 5 ಕೋಟಿಗೂ ಹೆಚ್ಚು ಸ್ಲೈಡರ್ ಮರಿಗಳು ಹೊರಗೆ ಹೋದವು. ಲೂಯಿಸಿಯಾನದ ಕೊಳಗಳಲ್ಲಿ ಬೆಳೆಸಿ, ಮೊಟ್ಟೆ ಆಯ್ದು, ಮರಿ ಮಾಡಿಸಿ, ಪೆಟ್ಟಿಗೆಯಲ್ಲಿ ತುಂಬಿ ಕಳಿಸುವ ವ್ಯಾಪಾರ. ಐದು ಕೋಟಿ ಮರಿಗಳಲ್ಲಿ ಎಷ್ಟಕ್ಕೆ ಒಂದು ಕೊಳ ಸಿಕ್ಕಿರಬಹುದು? ಒಂದೊಂದೂ ಮೂವತ್ತು ವರ್ಷ ಬಾಳಬಲ್ಲ ಜೀವ. ಇದನ್ನು ಬರೆಯುವಾಗ ಸಿಟ್ಟು ತಡೆಯುವುದು ಕಷ್ಟ.

ಮೇ 5

ರಾಣಿ ಮೂರು ದಿನದಿಂದ ಮೇವು ಮುಟ್ಟಿಲ್ಲ. ನೀರಿಗೂ ಇಳಿಯುತ್ತಿಲ್ಲ. ಗೋಡೆಯ ಬುಡದಲ್ಲೇ ಸುತ್ತುತ್ತಾಳೆ, ಅಲ್ಲಲ್ಲಿ ಹಿಂಗಾಲಿನಿಂದ ಕೆದಕಿ ಬಿಡುತ್ತಾಳೆ. ಮೊಟ್ಟೆ ಬಂದಿದೆ.

ತಪ್ಪಿಸಿಕೊಳ್ಳಲು ಎಷ್ಟು ಬೇಕಾದರೂ ದೂರ ನಡೆಯುವ ಆಮೆಯೆಂದರೆ ಇದು, ಬಸುರಿ ಆಮೆ. ಅವಳಿಗೆ ಬೇಕಾದದ್ದು ಮೆದುಮಣ್ಣಿನ ಒಂದು ತುಂಡು ನೆಲ. ಒಳಗೆ ಸಿಕ್ಕದಿದ್ದರೆ ಹೊರಗೆ ಹುಡುಕುತ್ತಾಳೆ. ಎಲ್ಲೂ ಸಿಕ್ಕದಿದ್ದರೆ ಮೊಟ್ಟೆಯನ್ನು ಒಳಗೇ ಕಟ್ಟಿಕೊಂಡು ಸಾಯಲೂಬಹುದು. ಎಷ್ಟೇ ಎತ್ತರದ ಗೋಡೆ ಕಟ್ಟಿದರೂ ಒಳಗಿರುವವರಿಗೆ ಬೇಕಾದದ್ದು ಒಳಗಿಲ್ಲದಿದ್ದರೆ ಅದು ಸೆರೆಮನೆ. ಅದಕ್ಕೆಂದೇ ದಕ್ಷಿಣದ ಬದಿಯಲ್ಲಿ 4 ಅಡಿ ಚೌಕದಷ್ಟು ಮರಳು, ಕೆಮ್ಮಣ್ಣು ಬೆರೆಸಿ ಒಂದಡಿ ಆಳ ತುಂಬಿಸಿಟ್ಟಿದ್ದೆ. ಇಂದು ಬೆಳಿಗ್ಗೆ ಅದಕ್ಕೆ ನೀರು ಚಿಮುಕಿಸಿದೆ.

ಮೇ 6

ಇಟ್ಟಳು. ಸಂಜೆ ಐದರ ಹೊತ್ತಿಗೆ ಶುರು ಮಾಡಿದವಳು ಕತ್ತಲಾದ ಮೇಲೆ ಮುಗಿಸಿದಳು. ಹಿಂಗಾಲು ಎರಡನ್ನೂ ಒಂದಾದ ಮೇಲೆ ಒಂದು ಇಳಿಬಿಟ್ಟು ತೋಡುತ್ತಾಳೆ, ತನ್ನ ಮೈಯ ನೀರನ್ನೇ ಸುರಿದು ಮಣ್ಣು ಮೆತ್ತಗೆ ಮಾಡಿಕೊಳ್ಳುತ್ತಾಳೆ, ಹಿಂತಿರುಗಿ ಒಮ್ಮೆಯೂ ನೋಡುವುದಿಲ್ಲ. ಕೊನೆಗೆ ಮಣ್ಣು ಮುಚ್ಚಿ ಹೊಟ್ಟೆಯಿಂದ ತಟ್ಟಿ ಸಮ ಮಾಡಿದಳು. ನಾನು ನೋಡಿರದಿದ್ದರೆ ಜಾಗ ಪತ್ತೆಯಾಗುತ್ತಿರಲಿಲ್ಲ. ನಾವಿಬ್ಬರೂ ಬೆಂಚಿನ ಮೇಲೆ ಮಾತಾಡದೆ ಕೂತಿದ್ದೆವು.

ರಾತ್ರಿಯೇ ಮೊಟ್ಟೆಗಳನ್ನು ತೆಗೆದು ಬಚ್ಚಲ ಒಲೆಯಲ್ಲಿ ಹಳೆಯ ಅಲ್ಯೂಮಿನಿಯಂ ಪಾತ್ರೆ ಇಟ್ಟು ಕುದಿಸಿದೆ. ಹೆಂಡತಿ ಒಳಗೆ ಹೋಗಿಬಿಟ್ಟಳು. ಅವಳ ನೋವು ನನಗೂ ಇದೆ. ಆದರೂ ಮಾಡಿದ್ದು ಸರಿ ಎಂದೇ ಬರೆಯುತ್ತೇನೆ. ಇವು ಮರಿಯಾಗಿ ಹುಟ್ಟಿದರೆ ಒಂದೊಂದಕ್ಕೂ ಮೂವತ್ತು ವರ್ಷದ ಮನೆ ಹುಡುಕಬೇಕು. ಹಾಗೆ ಮನೆ ಸಿಗದವೇ ಕೆರೆಗಳಲ್ಲಿ ತೇಲುತ್ತಿರುವುದು. ಹೊಸದರಲ್ಲಿ ತೆಗೆದರೆ ಒಳಗೆ ಇನ್ನೂ ಮರಿ ಬೆಳೆದಿರುವುದಿಲ್ಲ. ವಾರಗಟ್ಟಲೆ ಬಿಟ್ಟು ತೆಗೆಯುವುದು ಕ್ರೌರ್ಯ.

ಗುಂಡನನ್ನು ಬೇರೆ ಮಾಡಿದರೆ ಆಗದೇ ಎಂದು ಕೇಳಿದಳು. ಮಾಡಬಹುದು, ಮಾಡುತ್ತೇನೆ ಕೂಡ. ಅವನು ನೀಳ ಉಗುರಿನ ಮುಂಗಾಲನ್ನು ಹೆಣ್ಣುಗಳ ಮುಖದ ಮುಂದೆ ನಡುಗಿಸುತ್ತ ದಿನವಿಡೀ ಬೆನ್ನು ಹತ್ತುವುದರಿಂದ ಅವಕ್ಕೂ ಬಿಡುವಿಲ್ಲ. ಆದರೆ ಹೆಣ್ಣಾಮೆ ಗಂಡಿನ ವೀರ್ಯವನ್ನು ಮೈಯಲ್ಲಿ ಬಹುಕಾಲ ಕಾಪಿಟ್ಟುಕೊಳ್ಳುತ್ತದೆ. ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಕಣ್ಣಿಟ್ಟಿರುವುದು ತಪ್ಪದು. ಒಂದೇ ಬೇಸಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಸಲವೂ ಇಡಬಹುದು.

ಮೇ 24

ರಾತ್ರಿ ಗುಡುಗು ಮಳೆ. ಮಾವಿನ ಎಲೆ, ತೆಂಗಿನ ಹೊಂಬಾಳೆ, ಪಕ್ಕದವರ ಬಟ್ಟೆ, ಎಲ್ಲ ಹಿತ್ತಲಿಗೆ. ಛತ್ರಿ ಟಾರ್ಚು ಹಿಡಿದು ಹೋದೆ. ಜಾಲರಿ ಪೆಟ್ಟಿಗೆಯ ಗಾಳಿಯ ಕಡೆಯ ಮೈ ಎಲೆಯಿಂದ ಪೂರ್ತಿ ಮುಚ್ಚಿತ್ತು, ಆಚೆಯ ಎರಡು ಮೈಯಿಂದ ನೀರು ಸರಾಗವಾಗಿ ಹೋಗುತ್ತಿತ್ತು. ನೀರು ನಿಶಾನೆಯಿಂದ ಬರೀ 2 ಇಂಚು ಏರಿತ್ತು. ಎರಡನೆಯ ಕೋಡಿಗೆ ಕೆಲಸ ಬೀಳಲಿಲ್ಲ. ಇಲಾಖೆಯಲ್ಲಿದ್ದಾಗ ಕೆರೆ ಕೋಡಿ ಬಿದ್ದ ಸುದ್ದಿ ಬಂದರೆ ಆಗುತ್ತಿದ್ದ ಸಂತೋಷವೇ ಆಯಿತು. ಮೂರೂ ತಲೆ ಎಣಿಸಿದೆ. ರಾಣಿ ಮತ್ತು ಚಿನ್ನಿ ಮಳೆಯಲ್ಲೇ ಮೇಲೆ ತೇಲುತ್ತಿದ್ದರು. ಗುಂಡ ತನ್ನ ಬೇಲಿಯಾಚೆ.

ಜುಲೈ 13

ಮಧ್ಯಾಹ್ನ ಎದುರುಮನೆಯ ಹುಡುಗ ಬಕೆಟ್ಟಿನಲ್ಲಿ ಒಂದು ಆಮೆ ಹಿಡಿದು ಓಡಿಬಂದ. “ತಾತ, ರಸ್ತೇಲಿ ಸಿಕ್ತು, ನಿಮ್ಮದು ತಪ್ಪಿಸಿಕೊಂಡು ಬಂದಿದೆ.” ನೋಡಿದರೆ ನಮ್ಮ ಕೆರೆಗಳ ಮೆದುಚಿಪ್ಪಿನ ಆಮೆ. ಚರ್ಮದಂಥ ನುಣುಪು ಬೆನ್ನು, ಹಂದಿಯಂಥ ಚೂಪು ಮೂತಿ. ಹಿಂಗಾಲು ಒಳಗೆಳೆದುಕೊಂಡ ಕೂಡಲೇ ಅಡಿಯ ಎರಡು ಮುಚ್ಚಳ ಬಂದು ಮುಚ್ಚುತ್ತವೆ. ಬೇಸಿಗೆಯಲ್ಲಿ ಹೂಳಿನೊಳಗೆ ಹುದುಗಿ ಮಲಗಿದ್ದು, ಮಳೆ ಹಿಡಿದಾಗ ಒಂದು ನೀರಿನಿಂದ ಇನ್ನೊಂದಕ್ಕೆ ನಡೆದುಹೋಗುತ್ತದೆ. ಹೂಳೆತ್ತಿಸುವಾಗ ಎಷ್ಟೋ ಸಲ ಕಂಡಿದ್ದೇನೆ.

“ಇಲ್ಲೇ ಬಿಡೋಣ ತಾತ, ಜೊತೆಗಿರಲಿ” ಅಂದ. ಅವನನ್ನು ಕೂರಿಸಿಕೊಂಡು ಹೇಳಿದೆ. ಇದನ್ನು ಒಂದು ದಿನವೂ ಸಾಕಿಕೊಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ನಕ್ಷತ್ರ ಆಮೆಯೂ ಅಷ್ಟೇ, ಮನೆಯಲ್ಲಿಟ್ಟರೆ ಅಪರಾಧ. ಕಾನೂನು ಬಿಡು, ನಮ್ಮ ಕೊಳದ ಪರದೇಶದ ರೋಗ ಇದಕ್ಕೆ ಅಂಟಿದರೆ ಇದು ಅದನ್ನು ಕೆರೆಗೆ ಒಯ್ಯುತ್ತದೆ. ಇದರ ಮನೆ ಕೆರೆ, ಇದು ಹೋಗಬೇಕು. ಅವುಗಳ ಮನೆ ಇದು, ಅವು ಹೋಗಬಾರದು. ಹುಡುಗ ಬಕೆಟ್ಟಿನ ಕಡೆಗೂ ಕೊಳದ ಕಡೆಗೂ ನೋಡಿದ. “ಹಾಗಾದ್ರೆ ಗೋಡೆ ಇದಕ್ಕೋಸ್ಕರಾನೂ ಕಟ್ಟಿದ್ದಾ?” ಎಂದ. ಹೌದು ಮಗು ಎಂದೆ. ಕೊಳದ ಹತ್ತಿರಕ್ಕೂ ಒಯ್ಯದೆ ಅರಣ್ಯ ಇಲಾಖೆಯವರಿಗೆ ಫೋನು ಮಾಡಿದೆ. ಸಂಜೆ ಬಂದು ತೆಗೆದುಕೊಂಡು ಹೋದರು. ಹುಡುಗನೂ ಅವನ ತಂದೆಯ ಜೊತೆ ಹೋಗಿ ಕೆರೆಗೆ ಬಿಡುವುದನ್ನು ನೋಡಿಬಂದ.

ಸೆಪ್ಟೆಂಬರ್ 2

ನಮ್ಮಲ್ಲಿ ಕೊಳ ಇರುವ ಸುದ್ದಿ ಹಬ್ಬಿದೆ. ಇನ್ನೊಬ್ಬರು ತಮ್ಮ ಮನೆಯ ಸ್ಲೈಡರ್ ಕೊಡುತ್ತೇನೆಂದರು. ಇಲ್ಲವೆಂದರೆ ಊರ ದೇವಸ್ಥಾನದ ಕಲ್ಯಾಣಿಗೆ ಬಿಡುತ್ತಾರಂತೆ. ಗುವಾಹಟಿಯ ಉಗ್ರತಾರಾ ದೇವಾಲಯದ ಕೊಳದಲ್ಲಿ 2018ರಲ್ಲಿ ಕಂಡದ್ದೂ ಇದೇ ಜಾತಿ; ಕೇರಳದ ತ್ರಿಶೂರಿನ ಒಂದು ಕಾಲುವೆಯಲ್ಲೂ ಸಿಕ್ಕಿ, ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಸಾಕಿದವರಿಂದ ಆಮೆಗಳನ್ನು ವಾಪಸು ಪಡೆಯುವ ಕೆಲಸಕ್ಕಿಳಿದರು. ದೇವರ ನೀರಿಗೆ ಬಿಟ್ಟೆವೆಂಬ ಸಮಾಧಾನದಲ್ಲಿ ಎಷ್ಟು ಕೆರೆಗಳು ಹಾಳಾಗಬೇಕು!

ಆ ಆಮೆಯನ್ನು ತೆಗೆದುಕೊಳ್ಳುವುದೆಂದು ನಿಶ್ಚಯಿಸಿದೆ. ಕೆಲವು ವಾರ ಬೇರೆ ತೊಟ್ಟಿಯಲ್ಲಿ, ಬೇರೆ ಬಲೆ, ಬೇರೆ ಬಕೆಟ್ಟು; ಪಶುವೈದ್ಯರು ನೋಡಿದ ಮೇಲೆ ರಾಣಿ, ಚಿನ್ನಿಯ ಕಡೆಗೆ, ಗಂಡಾದರೆ ಅಲ್ಲ. ಇದಾದ ಮೇಲೆ ಇನ್ನೊಂದಕ್ಕೆ ಇಲ್ಲಿ ಜಾಗವಿಲ್ಲ. ಅವರಿಗೆ ಗೋಡೆಯ ನಕ್ಷೆ ಬರೆದುಕೊಡುತ್ತೇನೆಂದೂ ಹೇಳಿದ್ದೆ, ತಾರಸಿಯ ಮೇಲೆ ಜಾಗವಿದೆಯಲ್ಲ ಎಂದು. ಕೇಳಿಸಿಕೊಳ್ಳಲಿಲ್ಲ.

ಡಿಸೆಂಬರ್ 19

ಬೆಳಿಗ್ಗೆ ನೀರು 19 ಡಿಗ್ರಿ. ಮೇವಿಗೆ ಆಸೆ ತಗ್ಗಿದೆ. ಒತ್ತಾಯ ಮಾಡುವುದಿಲ್ಲ, ಮೈ ತಣ್ಣಗಿರುವಾಗ ತಿಂದದ್ದು ಅರಗುವುದಿಲ್ಲ. ಬಿಸಿಲೇರಿದ ಮೇಲೆ ಒಂದು ಹಿಡಿ ನುಗ್ಗೆಸೊಪ್ಪು, ಕೆಲವು ಕಾಳು ಮೇವು.

ತಂಗಿಯ ಮಗಳು ರಜೆಗೆ ಬಂದಿದ್ದಾಳೆ. ಐರೋಪ್ಯ ಒಕ್ಕೂಟದಲ್ಲಿ 2016ರಿಂದ ಈ ಆಮೆಯನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಮರಿ ಮಾಡಿಸುವಂತಿಲ್ಲವಂತೆ. ಮೊದಲೇ ಸಾಕಿದ್ದವರು ಮಾತ್ರ ತಪ್ಪಿಸಿಕೊಳ್ಳದಂತೆ ಭದ್ರವಾಗಿಟ್ಟು ಅದರ ಆಯಸ್ಸು ಮುಗಿಯುವವರೆಗೆ ನೋಡಿಕೊಳ್ಳಬಹುದು. ಕೊನೆಯವರೆಗೆ ಎಂಬ ಮಾತು ಬಂದಾಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ. ನನಗೆ 67. ರಾಣಿಗೆ ಇನ್ನೂ ಹತ್ತು ತುಂಬಿಲ್ಲ. ಲೆಕ್ಕ ಅವಳಿಗೂ ಗೊತ್ತಾಯಿತು. ನಮ್ಮ ನಂತರ ಈ ಮನೆ ಯಾರ ಕೈಗೆ ಹೋಗುತ್ತದೋ, ಕೊಳ ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡಿದರೆ ಕೇಳುವವರಿಲ್ಲ.

“ನಾನು ಬಂದು ತಗೊಂಡು ಹೋಗ್ತೀನಿ ಮಾವ. ಸಾಗರದ ಮನೆ ಹಿತ್ತಲಲ್ಲಿ ಕಟ್ಟಿಸೋಣ. ಅಮ್ಮ ಒಪ್ಪಿದಾಳೆ” ಎಂದಳು. ಕಾಗದದ ಮೇಲೂ ಬರೆದುಕೊಟ್ಟಳು, ನಾನು ಕೇಳಿರಲಿಲ್ಲ. ನನಗೆ ಮಾತು ಹೊರಡಲಿಲ್ಲ.

ಡಿಸೆಂಬರ್ 22

ಅಳತೆಗಳನ್ನೆಲ್ಲ ಬರೆದುಕೊಟ್ಟೆ. ಮೈಸೂರಿನ ಅಳತೆ ಸಾಗರಕ್ಕೆ ಹೊಂದುವುದಿಲ್ಲ. ಮಲೆನಾಡಿನ ಮಳೆ ಗಂಟೆಗಟ್ಟಲೆಯದಲ್ಲ, ವಾರಗಟ್ಟಲೆಯದು. ಅಡಿಕೆ ತೋಟದ ಇಳಿಜಾರಿನ ನೀರೆಲ್ಲ ಹಿತ್ತಲಿಗೇ ಬರುತ್ತದೆ. ಮೇಲ್ಬದಿಗೆ ಮೊದಲು ಬಸಿಗಾಲುವೆ ತೋಡಿಸಬೇಕು, ಆಮೇಲೆ ಕೊಳ. ಕೋಡಿ 6 ಇಂಚು, ಅಂಥದ್ದು ಎರಡು, ಜಾಲರಿ ಪೆಟ್ಟಿಗೆ ಎರಡೂವರೆ ಅಡಿ. ಫ್ರೀಬೋರ್ಡ್, ಅಂದರೆ ನೀರಿನ ಮಟ್ಟದಿಂದ ಗೋಡೆಯ ತಲೆಯವರೆಗಿನ ಎತ್ತರ, ಒಂದಡಿ ಹೆಚ್ಚಿಸಬೇಕು. ಪಾಚಿ ಹಿಡಿದ ಗೋಡೆಯ ಮೇಲೆ ಉಗುರು ನಿಲ್ಲುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಆಗಾಗ ಉಜ್ಜಿಸಬೇಕು. ಮೊಟ್ಟೆ ಇಡುವ ಮಣ್ಣಿನ ಮೇಲೆ ಸೋಗೆಯ ಮಾಡು. ಮೂಲೆಗಳನ್ನು ದುಂಡಗೆ ಮಾಡಿಸುವ ವಿಷಯ ಎರಡು ಕಡೆ ಬರೆದೆ, ಅಲ್ಲಿನ ಮೇಸ್ತ್ರಿಗೆ ಇದನ್ನು ನೀನೇ ನಿಂತು ಹೇಳು ಎಂದೂ ಸೇರಿಸಿದೆ.